ಓಟಿ ಎಂದರೆ ಆಪರೇಷನ್ ಅಲ್ಲ: ಆಕ್ಯುಪೇಷನಲ್ ಥೆರಪಿಯೂ ನಮ್ಮ ಕೈಯಲ್ಲಿರುವ ಕಾರ್ಡುಗಳೂ

ಕಳೆದ ಮಳೆಗಾಲದಲ್ಲಿ ಬಂಟ್ವಾಳ ಕಡೆಯ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದು, ಮೂರು ವರ್ಷದ ಮಗನ ಆಪರೇಷನ್‌ಗೆ ನೆರವು ಬೇಕೆಂದು ಅರ್ಜಿ ಕೊಟ್ಟರು. ಯಾವ ಆಪರೇಷನ್ ಎಂದು ಸಮಿತಿಯವರು ಕೇಳಿದಾಗ ಆಕೆ ಆಸ್ಪತ್ರೆಯ ಚೀಟಿ ತೋರಿಸಿದರು. ಅದರಲ್ಲಿದ್ದದ್ದು ಇಂಗ್ಲಿಷಿನ ಎರಡೇ ಅಕ್ಷರ: ಓ, ಟಿ. ಪಕ್ಕದ ಮನೆಯ ಹುಡುಗನೊಬ್ಬ ಅದನ್ನು ಓದಿ, ‘ಓಟಿ ಅಂದರೆ ಆಪರೇಷನ್ ಥಿಯೇಟರ್’ ಎಂದು ಹೇಳಿದ್ದನಂತೆ.

ಆ ಮಗುವಿಗೆ ಇದ್ದದ್ದು ಸೆರೆಬ್ರಲ್ ಪಾಲ್ಸಿ. ವೈದ್ಯರು ಬರೆದದ್ದು ಆಕ್ಯುಪೇಷನಲ್ ಥೆರಪಿ. ಅದರಲ್ಲಿ ಕತ್ತರಿಯಿಲ್ಲ, ಅರಿವಳಿಕೆಯಿಲ್ಲ. ಬೇಕಾದದ್ದು ಒಂದು ಚಾಪೆ, ಒಂದಿಷ್ಟು ಆಟಿಕೆ, ತರಬೇತಿ ಪಡೆದ ಒಬ್ಬ ಥೆರಪಿಸ್ಟ್, ಮತ್ತು ಮನೆಯವರ ತಾಳ್ಮೆ. ಇದು ಗೊತ್ತಿಲ್ಲದೆ ಆ ತಾಯಿ ಎರಡು ತಿಂಗಳು ಯಾರಲ್ಲೂ ಹೇಳದೆ, ಇದ್ದ ಬಂಗಾರವನ್ನು ಅಡವಿಡುವುದೇ ಎಂದು ಯೋಚಿಸುತ್ತಾ ಕಳೆದಿದ್ದರು. ಮೂರು ವರ್ಷದ ಮಗುವಿನ ಬೆಳವಣಿಗೆಯಲ್ಲಿ ಎರಡು ತಿಂಗಳು ಸಣ್ಣ ಅವಧಿಯಲ್ಲ.

ವಿಷಯ ತಿಳಿದ ಮೇಲೆ ಆಕೆ ಕೇಳಿದ ಪ್ರಶ್ನೆ, ನಮ್ಮ ಬಳಿಗೆ ಬರುವ ಬಹುತೇಕ ಕುಟುಂಬಗಳು ಕೇಳುವ ಪ್ರಶ್ನೆಯೇ: “ಇದು ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತದಾ?” ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲ. ಆದ್ದರಿಂದ ಈ ವರ್ಷದ ವರದಿಯಲ್ಲಿ ಕೆಲವು ಪುಟಗಳನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಮೊದಲು, ಈ ಚಿಕಿತ್ಸೆ ಏನೆಂಬುದು

‘ಆಕ್ಯುಪೇಷನ್’ ಎಂಬ ಪದ ಕೇಳಿ ಇದು ಉದ್ಯೋಗ ಕೊಡಿಸುವ ತರಬೇತಿ ಎಂದುಕೊಂಡವರಿದ್ದಾರೆ. ಕೆಲವು ಸರಕಾರಿ ಕಾಗದಗಳಲ್ಲಿ ಕಾಣುವ ‘ಔದ್ಯೋಗಿಕ ಚಿಕಿತ್ಸೆ’ ಎಂಬ ಅನುವಾದವೂ ಈ ತಪ್ಪು ತಿಳುವಳಿಕೆಗೆ ಕಾರಣ. ಇಲ್ಲಿ ಆಕ್ಯುಪೇಷನ್ ಎಂದರೆ ಮನುಷ್ಯ ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ತನಗಾಗಿ ಮಾಡಿಕೊಳ್ಳುವ ಎಲ್ಲ ಕೆಲಸ: ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕುವುದು, ಗಂಜಿಯ ಬಟ್ಟಲು ಹಿಡಿಯುವುದು, ಪೆನ್ಸಿಲ್ ಹಿಡಿದು ಬರೆಯುವುದು, ಶೌಚಾಲಯದಲ್ಲಿ ಕುಳಿತು ಏಳುವುದು. ಒಬ್ಬರಿಗೆ ವುಝೂ ಮಾಡುವಾಗ ನಳ್ಳಿ ತಿರುಗಿಸುವುದು ಕಷ್ಟ. ಇನ್ನೊಬ್ಬರಿಗೆ ನಮಾಝಿನಲ್ಲಿ ಕುಳಿತಲ್ಲಿಂದ ಏಳುವುದು ಕಷ್ಟ. ಇಂಥ ಕೆಲಸವನ್ನು ಮತ್ತೆ ಕಲಿಸುವುದು, ಅಥವಾ ದೇಹ ಒಪ್ಪದಿದ್ದರೆ ಕೆಲಸ ಮಾಡುವ ರೀತಿಯನ್ನೋ ಬಳಸುವ ವಸ್ತುವನ್ನೋ ಬದಲಿಸಿಕೊಡುವುದು ಆಕ್ಯುಪೇಷನಲ್ ಥೆರಪಿಸ್ಟರ ಕೆಲಸ.

ಫಿಸಿಯೋಥೆರಪಿಗೂ ಇದಕ್ಕೂ ಸಂಬಂಧವಿದೆ, ಆದರೆ ಎರಡೂ ಒಂದೇ ಅಲ್ಲ. ನಮಗೆ ಪರಿಚಯದ ಒಬ್ಬ ಹಿರಿಯ ಮಹಿಳೆ ಪಾರ್ಶ್ವವಾಯು ಆದ ನಂತರ ಫಿಸಿಯೋಥೆರಪಿಯಿಂದ ನಡೆಯುವಷ್ಟಾದರು. ಮನೆಯವರು ‘ಗುಣವಾಯಿತು’ ಎಂದರು. ಆದರೆ ನಲ್ವತ್ತು ವರ್ಷ ಬೀಡಿ ಸುತ್ತಿದ ಅವರ ಬಲಗೈಗೆ ಈಗ ಚಮಚ ಹಿಡಿಯಲು ಬರುತ್ತಿರಲಿಲ್ಲ. ಸೊಸೆ ತುತ್ತು ಕೊಡಬೇಕಿತ್ತು, ಆ ಸಂಕೋಚಕ್ಕೆ ಅವರು ಊಟವನ್ನೇ ಕಡಿಮೆ ಮಾಡಿದ್ದರು. ಥೆರಪಿಸ್ಟ್ ಮೊದಲ ದಿನ ಮಾಡಿದ್ದು ಇಷ್ಟೇ: ಚಮಚದ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿದರು, ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರು. ಬೀಡಿ ಎಲೆ ಕತ್ತರಿಸುವ ಅಭ್ಯಾಸವನ್ನೇ ಬೆರಳಿನ ವ್ಯಾಯಾಮವಾಗಿ ಮಾಡಿಸಿದರು. ಅವರು ಮತ್ತೆ ಬೀಡಿ ಸುತ್ತಲಿಲ್ಲ. ಆದರೆ ಈಗ ತಾನೇ ಊಟ ಮಾಡುತ್ತಾರೆ.

ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್, ಬೆಳವಣಿಗೆಯ ವಿಳಂಬ. ದೊಡ್ಡವರಲ್ಲಿ ಪಾರ್ಶ್ವವಾಯು, ತಲೆಗೆ ಅಥವಾ ಬೆನ್ನುಹುರಿಗೆ ಪೆಟ್ಟು, ಕೈಯ ಗಾಯ, ಸುಟ್ಟಗಾಯ, ದೀರ್ಘಕಾಲದ ಮಾನಸಿಕ ಕಾಯಿಲೆ. ಇವುಗಳಲ್ಲಿ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ.

ಆಯುಷ್ಮಾನ್ ಕಾರ್ಡ್ ಎಲ್ಲಿಯವರೆಗೆ?

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಕರ್ನಾಟಕದಲ್ಲಿ 2018ರಲ್ಲಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಎಂಬ ಹೆಸರಿನಲ್ಲಿ ಆರಂಭವಾಗಿ, ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿ. ಮನೆಯ ಒಬ್ಬರು ಗಲ್ಫ್‌ನಲ್ಲಿದ್ದಾರೆಂದು ಎಪಿಎಲ್ ಕಾರ್ಡ್ ಮಾಡಿಸಿ, ಅವರು ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಹಾಗೆಯೇ ಬಿಟ್ಟಿರುವ ಕುಟುಂಬಗಳು ನಮ್ಮಲ್ಲಿ ಬಹಳ. ಅವರು ತಮ್ಮ ಪಡಿತರ ಚೀಟಿಯನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಆದರೆ ಈ ಯೋಜನೆ ರೂಪುಗೊಂಡಿರುವುದು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಆಕ್ಯುಪೇಷನಲ್ ಥೆರಪಿ ಹಾಗಲ್ಲ. ವಾರಕ್ಕೆ ಎರಡು ಮೂರು ದಿನ ಹೋಗಿ, ಮುಕ್ಕಾಲು ಗಂಟೆ ಕಲಿತು, ಮನೆಗೆ ಬಂದು ಅಭ್ಯಾಸ ಮಾಡಿ, ತಿಂಗಳುಗಟ್ಟಲೆ ಮುಂದುವರಿಸಬೇಕಾದದ್ದು. ಅಂದರೆ ಅದು ಹೊರರೋಗಿ ಸೇವೆ. ಆದ್ದರಿಂದ ಖಾಸಗಿ ಥೆರಪಿ ಕೇಂದ್ರಕ್ಕೆ ಹೋಗಿ ಆಯುಷ್ಮಾನ್ ಕಾರ್ಡ್ ತೋರಿಸಿದರೆ ಉಪಯೋಗವಾಗುವುದಿಲ್ಲ. ಅಲ್ಲಿ ನಿಮಗೆ ‘ಇಲ್ಲ’ ಎಂದವರು ಮೋಸ ಮಾಡುತ್ತಿದ್ದಾರೆಂದು ತಿಳಿಯಬೇಡಿ.

ಕಾರ್ಡ್ ಉಪಯೋಗಕ್ಕೆ ಬರುವ ಒಂದು ಸಂದರ್ಭವಿದೆ, ಅದನ್ನು ಹೆಚ್ಚಿನವರು ಕೈಬಿಡುತ್ತಾರೆ. ಪಾರ್ಶ್ವವಾಯುವಿಗೋ ತಲೆಯ ಪೆಟ್ಟಿಗೋ ಯೋಜನೆಯಡಿ ಆಸ್ಪತ್ರೆಯಲ್ಲಿ ದಾಖಲಾಗಿರುವಾಗ, “ಇಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆಯೇ? ಡಿಸ್ಚಾರ್ಜ್ ಆಗುವ ಮೊದಲು ಒಮ್ಮೆ ಹಾಸಿಗೆಯ ಬಳಿ ಬಂದು ನೋಡಬಹುದೇ?” ಎಂದು ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ, ಅದರಲ್ಲೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ, ಈ ವಿಭಾಗ ಇರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನು ಬರೆಸಿಕೊಳ್ಳಿ. ಅವರು ಮಾಡಿ ತೋರಿಸುವಾಗ ಅನುಮತಿ ಕೇಳಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಿಸ್ಚಾರ್ಜ್ ದಿನ ಎಲ್ಲರೂ ಬಿಲ್ ಕೌಂಟರಿನ ಮುಂದೆ ನಿಂತಿರುತ್ತಾರೆ, ಆಗ ಇದು ಯಾರಿಗೂ ನೆನಪಾಗುವುದಿಲ್ಲ. ಎರಡು ದಿನ ಮೊದಲೇ ಕೇಳಿ.

ಯೋಜನೆಯ ಬಗ್ಗೆ ಸಂದೇಹವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಆರೋಗ್ಯಮಿತ್ರರೂ ಇರುತ್ತಾರೆ.

ಮಗುವಾದರೆ ಮೊದಲ ಬಾಗಿಲು ಜಿಲ್ಲಾ ಆಸ್ಪತ್ರೆ

ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ವಿಮೆಯ ಕಾರ್ಡಿಗಿಂತ ಒಳ್ಳೆಯ ದಾರಿಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರವಿರಬೇಕು. ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗನೆ ಗುರುತಿಸಿ ಚಿಕಿತ್ಸೆ ಕೊಡುವ ಜಾಗ ಅದು. ಮಕ್ಕಳ ವೈದ್ಯರು, ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು, ಥೆರಪಿಸ್ಟರು ಒಂದೇ ಕಡೆ ಸಿಗಬೇಕೆಂಬುದು ಅದರ ಉದ್ದೇಶ. ಸೇವೆ ಉಚಿತ. ದಕ್ಷಿಣ ಕನ್ನಡದವರು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಬೇರೆ ಜಿಲ್ಲೆಯವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ. ಕೌಂಟರಿನಲ್ಲಿ ‘ಓಟಿ ಎಲ್ಲಿ’ ಎಂದು ಕೇಳಿದರೆ ಖಂಡಿತ ಆಪರೇಷನ್ ಥಿಯೇಟರ್ ಕಡೆ ಕೈ ತೋರಿಸುತ್ತಾರೆ. ‘ಡಿಇಐಸಿ’ ಎಂದೇ ಕೇಳಿ, ಅಥವಾ ‘ಮಕ್ಕಳ ಥೆರಪಿ ವಿಭಾಗ’ ಎನ್ನಿ.

ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ನಮ್ಮ ಸಮುದಾಯದ ಬಹಳಷ್ಟು ಮಕ್ಕಳು ಅಂಗನವಾಡಿಗೆ ಹೋಗದೆ ನೇರವಾಗಿ ಖಾಸಗಿ ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಗೆ ಸೇರುತ್ತಾರೆ; ಅಲ್ಲಿಗೆ ಈ ತಂಡ ಬರುವುದಿಲ್ಲ. ಹಾಗಾಗಿ ‘ಯಾರೂ ಏನೂ ಹೇಳಲಿಲ್ಲ’ ಎಂದು ಸುಮ್ಮನಿರುವಂತಿಲ್ಲ. ಒಂದು ವರ್ಷವಾದರೂ ಮಗು ಆಸರೆಯಿಲ್ಲದೆ ಕುಳಿತುಕೊಳ್ಳದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಒಂದು ಕೈಯನ್ನು ಸದಾ ಮುಷ್ಟಿ ಕಟ್ಟಿಕೊಂಡಿದ್ದರೆ ಆಶಾ ಕಾರ್ಯಕರ್ತೆಯಲ್ಲಿ ಹೇಳಿ, ಅಥವಾ ನೀವೇ ಕರೆದುಕೊಂಡು ಹೋಗಿ. ‘ಅವನ ಅಪ್ಪನೂ ತಡವಾಗಿಯೇ ನಡೆದದ್ದು’ ಎಂಬ ಸಮಾಧಾನದ ಮಾತು ಪ್ರತಿ ಮನೆಯಲ್ಲೂ ಇದೆ. ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಪರೀಕ್ಷೆ ಮಾಡಿಸಿದರೆ ಕಳೆದುಕೊಳ್ಳುವುದು ಒಂದು ದಿನ ಮಾತ್ರ.

ಒಂದು ಮಾತನ್ನು ಮುಚ್ಚಿಡಬಾರದು. ಪ್ರತಿ ಕೇಂದ್ರದಲ್ಲೂ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದೇ ಇರುತ್ತಾರೆಂದಲ್ಲ. ಕೆಲವೆಡೆ ಆ ಕೆಲಸವನ್ನು ಫಿಸಿಯೋಥೆರಪಿಸ್ಟ್ ನೋಡಿಕೊಳ್ಳುತ್ತಾರೆ. ಅಂಥಲ್ಲಿಯೂ ಮಗುವನ್ನು ದಾಖಲಿಸಿ, ಏಕೆಂದರೆ ಮುಂದಿನ ರೆಫರಲ್ ಚೀಟಿ ಮತ್ತು ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬೇಕಾದ ವರದಿಗಳು ಅಲ್ಲಿಂದಲೇ ಶುರುವಾಗುತ್ತವೆ.

ನಿರಾಮಯ: ಹೆಚ್ಚಿನವರು ಕೇಳಿರದ ವಿಮೆ

ಹೊರರೋಗಿಯಾಗಿ ಪಡೆಯುವ ಥೆರಪಿಗೆ ಹಣ ಕೊಡುವ ಸರಕಾರಿ ವಿಮೆಯೊಂದಿದೆ. ಅದರ ಹೆಸರು ನಿರಾಮಯ. 1999ರ ಕಾಯ್ದೆಯಡಿ ಸ್ಥಾಪನೆಯಾದ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್ ಇದನ್ನು ನಡೆಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ – ಈ ನಾಲ್ಕರಲ್ಲಿ ಒಂದಿದ್ದವರಿಗೆ ಮಾತ್ರ. ಪಾರ್ಶ್ವವಾಯು ಆದವರಿಗೆ ಇದು ಸಿಗುವುದಿಲ್ಲ. ಆದರೆ ವಯಸ್ಸಿನ ಮಿತಿಯಿಲ್ಲ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯಿಲ್ಲ, ‘ಮೊದಲೇ ಇದ್ದ ಕಾಯಿಲೆ’ ಎಂದು ತಿರಸ್ಕರಿಸುವಂತೆಯೂ ಇಲ್ಲ.

ಒಟ್ಟು ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ. ಅದರೊಳಗೆ ನಿರಂತರ ಥೆರಪಿಗೆ, ಹೊರರೋಗಿ ಚಿಕಿತ್ಸೆಗೆ, ಓಡಾಟದ ಖರ್ಚಿಗೆ ಬೇರೆ ಬೇರೆ ಒಳಮಿತಿಗಳಿವೆ. ಈ ಒಳಮಿತಿಗಳು ಪರಿಷ್ಕರಣೆಯಾಗುತ್ತಿರುವುದರಿಂದ, ನೋಂದಾಯಿಸುವ ದಿನವೇ ‘ಈ ವರ್ಷ ಥೆರಪಿಗೆ ಎಷ್ಟು’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೊಸ ನೋಂದಣಿಗೆ ಬಿಪಿಎಲ್‌ನವರಿಗೆ 250, ಎಪಿಎಲ್‌ನವರಿಗೆ 500 ರೂಪಾಯಿ ಶುಲ್ಕ. ಅರ್ಜಿಯನ್ನು ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿತವಾದ ಸ್ಥಳೀಯ ಸಂಸ್ಥೆಯ ಮೂಲಕ ಸಲ್ಲಿಸಬೇಕು. ವಿಶೇಷ ಮಕ್ಕಳ ಶಾಲೆಗಳಲ್ಲಿ ಕೇಳಿದರೆ ಹತ್ತಿರದ ಸಂಸ್ಥೆ ಯಾವುದೆಂದು ತಿಳಿಯುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್, ಆಧಾರ್, ಬಿಪಿಎಲ್ ಆಗಿದ್ದರೆ ಪಡಿತರ ಚೀಟಿ, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಬೇಕಾಗುತ್ತವೆ.

ಇಲ್ಲಿ ಕುಟುಂಬಗಳು ಎಡವುವುದು ಕಾಗದಗಳಲ್ಲಿ. ನಿರಾಮಯದಲ್ಲಿ ಮೊದಲು ನೀವು ಹಣ ಕೊಟ್ಟು, ಬಿಲ್ಲು ಸಲ್ಲಿಸಿ, ನಂತರ ಮರುಪಾವತಿ ಪಡೆಯಬೇಕು. ಥೆರಪಿ ಬೇಕೆಂದು ವೈದ್ಯರು ಬರೆದ ಚೀಟಿ, ಥೆರಪಿಸ್ಟರ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆ ಇರುವ ಬಿಲ್ಲು, ಹೋದ ದಿನಾಂಕಗಳ ಪಟ್ಟಿ ಇಲ್ಲದಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಕಳೆದ ವರ್ಷ ಒಬ್ಬ ತಂದೆ ಹತ್ತು ತಿಂಗಳ ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ನಮ್ಮಲ್ಲಿಗೆ ಬಂದರು. ಅರ್ಧದಷ್ಟರಲ್ಲಿ ಮಗುವಿನ ಹೆಸರೇ ಇರಲಿಲ್ಲ, ‘ಥೆರಪಿ’ ಎಂದು ಒಂದೇ ಪದ. ಏನೂ ಮಾಡಲಾಗಲಿಲ್ಲ. ತಿಂಗಳು ತಿಂಗಳು ಬಿಲ್ಲು ಸಲ್ಲಿಸಿ. ವರ್ಷದ ಕೊನೆಗೆ ಒಟ್ಟಿಗೆ ಎಂದು ಕಾಯಬೇಡಿ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣ ನೀವೇ ನೆನಪಿಟ್ಟು ಮಾಡಬೇಕು.

ಕೆಲಸದಲ್ಲಿರುವವರ ಇಎಸ್‌ಐ

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಅಂಗಡಿ, ಗ್ಯಾರೇಜು, ಹೋಟೆಲು, ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅಂಗವೈಕಲ್ಯವಿರುವ ನೌಕರರಿಗೆ ಈ ಮಿತಿ 25,000. ಸಂಬಳದಿಂದ ಶೇ. 0.75 ಮಾತ್ರ ಕಡಿತ. ಇಎಸ್‌ಐ ಹೊರರೋಗಿ ಚಿಕಿತ್ಸೆಯನ್ನೂ ನೋಡುತ್ತದೆ, ಮತ್ತು ಅದು ನೌಕರನಿಗೆ ಮಾತ್ರವಲ್ಲ, ಹೆಂಡತಿ ಮಕ್ಕಳಿಗೂ ಅವಲಂಬಿತ ತಂದೆ ತಾಯಿಗೂ ಇದೆ. ಪಾರ್ಶ್ವವಾಯು ಆದ ತಂದೆಗೆ ಮಗನ ಇಎಸ್‌ಐ ಉಪಯೋಗವಾಗುತ್ತದೆಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಡಿಸ್ಪೆನ್ಸರಿಯ ವೈದ್ಯರಿಂದ ರೆಫರಲ್ ಪಡೆದು ಇಎಸ್‌ಐ ಆಸ್ಪತ್ರೆಗೆ ಹೋಗಬೇಕು. ಮಂಗಳೂರಿನಲ್ಲಿ ಅದು ಕದ್ರಿ ಶಿವಬಾಗ್‌ನಲ್ಲಿದೆ. ಅಲ್ಲಿ ಈ ಸೇವೆ ಸಿಗದಿದ್ದರೆ ಬೇರೆಡೆಗೆ ಬರೆದುಕೊಡಲು ಕೇಳಿ. ಅವಲಂಬಿತರ ಹೆಸರು ಕಾರ್ಡಿನಲ್ಲಿ ಸೇರಿದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಥೆರಪಿಸ್ಟರನ್ನು ಹುಡುಕುವಾಗ

ಆಕ್ಯುಪೇಷನಲ್ ಥೆರಪಿ ನಾಲ್ಕು ವರ್ಷದ ಪದವಿ, ಅದರ ಮೇಲೆ ಇಂಟರ್ನ್‌ಶಿಪ್. ಪದವಿಯ ಹೆಸರು ಬಿಓಟಿ, ಸ್ನಾತಕೋತ್ತರವಾದರೆ ಎಂಓಟಿ. ಊರೂರಲ್ಲಿ ಈಗ ‘ಥೆರಪಿ ಸೆಂಟರ್’ ಫಲಕಗಳು ಎದ್ದಿವೆ. ಒಳಗೆ ಹೋಗಿ, “ಮಗುವನ್ನು ಯಾರು ನೋಡುತ್ತಾರೆ, ಅವರ ಪದವಿ ಏನು” ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಮೂರು ತಿಂಗಳಲ್ಲಿ ಆಟಿಸಂ ಪೂರ್ತಿ ಗುಣ ಮಾಡುತ್ತೇವೆ ಎನ್ನುವವರಿಂದ ದೂರವಿರಿ. ತಾಯಿಯನ್ನು ಹೊರಗೆ ಕೂರಿಸಿ ಏನೂ ಕಲಿಸದೆ ಕಳುಹಿಸುವ ಕಡೆಗೂ ಹೆಚ್ಚು ದಿನ ಹೋಗಬೇಡಿ. ವಾರದ ಎರಡು ಗಂಟೆಗಿಂತ ಉಳಿದ ದಿನಗಳಲ್ಲಿ ಮನೆಯಲ್ಲಿ ನಡೆಯುವುದೇ ಹೆಚ್ಚು.

ಕರಾವಳಿಯವರಿಗೆ ಮಣಿಪಾಲದಲ್ಲಿ ಈ ಪದವಿಯ ಕಾಲೇಜು ಇರುವುದು ಅನುಕೂಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ದಾವಣಗೆರೆಯ ಕೇಂದ್ರ ಸರಕಾರಿ ಪುನರ್ವಸತಿ ಕೇಂದ್ರ, ಬೆಂಗಳೂರಿನ ನಿಮ್ಹಾನ್ಸ್ ಸಾರ್ವಜನಿಕ ಸಂಸ್ಥೆಗಳು. ಆಯಾ ಭಾಗದವರು ಅಲ್ಲಿ ವಿಚಾರಿಸಬಹುದು. ಮಂಗಳೂರಿನಿಂದ ಮಣಿಪಾಲಕ್ಕೇ 60 ಕಿಲೋಮೀಟರ್‌ಗೂ ಹೆಚ್ಚು. ಮಹಿಳೆಯರಿಗೆ ಉಚಿತವಿರುವುದು ಸರಕಾರಿ ಬಸ್ಸು. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ವಾರಕ್ಕೆರಡು ಬಾರಿ ಅಷ್ಟು ದೂರ ಹೋಗುವುದು ಯಾರಿಂದಲೂ ಆಗದು. ಆಗುವುದು ಇದು: ತಿಂಗಳಿಗೊಮ್ಮೆ ಹೋಗಿ ಆ ತಿಂಗಳ ಅಭ್ಯಾಸ ಕಲಿತು ಬನ್ನಿ, ನಡುವಿನ ದಿನಗಳಲ್ಲಿ ತಾಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟರಿಗೆ ಆ ಪಟ್ಟಿಯನ್ನು ತೋರಿಸಿ. ಹೀಗೆ ಮಾಡಿಕೊಳ್ಳುತ್ತಿರುವ ಮನೆಗಳಿವೆ.

ಪ್ರಮಾಣಪತ್ರ, ಯುಡಿಐಡಿ, ಬಸ್ ಪಾಸ್ ವಿಷಯದಲ್ಲಿ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಹೆಚ್ಚಿನ ಕಡೆ ಅವರೂ ಅಂಗವೈಕಲ್ಯವುಳ್ಳವರೇ. ಯಾವ ಕಚೇರಿಯ ಯಾವ ಮೇಜಿಗೆ ಹೋಗಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯ ಬಗ್ಗೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೇಳಬಹುದು.

ಟ್ರಸ್ಟಿನಿಂದ ಏನು ಸಿಗುತ್ತದೆ

ಖಾಸಗಿ ಥೆರಪಿಯ ತಿಂಗಳ ಶುಲ್ಕವನ್ನು ಪೂರ್ತಿ ಭರಿಸುವುದು ಟ್ರಸ್ಟಿನ ಶಕ್ತಿಗೆ ಮೀರಿದ್ದು. ಕೆಲವು ಕುಟುಂಬಗಳಿಗೆ ಹಾಗೆ ಕೊಡಲು ಹೋಗಿ, ನಾಲ್ಕು ತಿಂಗಳಲ್ಲಿ ಹಣ ಮುಗಿದು, ಚಿಕಿತ್ಸೆಯೂ ನಿಂತದ್ದು ನಮ್ಮ ಅನುಭವ. ಅದು ನಮ್ಮ ತಪ್ಪು ಲೆಕ್ಕಾಚಾರವಾಗಿತ್ತು. ಆದ್ದರಿಂದ ಈ ಸಾಲಿನಿಂದ ವೈದ್ಯಕೀಯ ನೆರವನ್ನು ಬೇರೆ ರೀತಿ ಕೊಡಲು ಸಮಿತಿ ತೀರ್ಮಾನಿಸಿದೆ: ನಿರಾಮಯದ ನೋಂದಣಿ ಮತ್ತು ನವೀಕರಣ ಶುಲ್ಕ, ಸರಕಾರಿ ಕೇಂದ್ರಕ್ಕೆ ಹೋಗಿ ಬರುವ ಪ್ರಯಾಣ ವೆಚ್ಚ, ಮತ್ತು ಮರುಪಾವತಿ ಬರುವವರೆಗೆ ಬಿಲ್ಲಿನ ಮೊತ್ತವನ್ನು ಮುಂಗಡವಾಗಿ ಕೊಡುವುದು. ಮರುಪಾವತಿ ಬಂದಾಗ ಮುಂಗಡ ಹಿಂದಿರುಗಿಸಿದರೆ ಅದು ಇನ್ನೊಂದು ಮಗುವಿಗೆ ಹೋಗುತ್ತದೆ. ಅರ್ಜಿ ಬರೆಯಲು, ಬಿಲ್ಲು ಜೋಡಿಸಲು ಕಚೇರಿಯಲ್ಲಿ ಸಹಾಯ ಸಿಗುತ್ತದೆ. ಬರುವಾಗ ಆಸ್ಪತ್ರೆಯ ಎಲ್ಲ ಚೀಟಿಗಳನ್ನು ತನ್ನಿ, ಹಳೆಯದೆಂದು ಯಾವುದನ್ನೂ ಬಿಸಾಡಬೇಡಿ.

ಇನ್ನು ವಿದ್ಯಾರ್ಥಿಗಳಿಗೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನೀಟ್‌ನಲ್ಲಿ ಎಂಬಿಬಿಎಸ್ ಸಿಗದಿದ್ದರೆ ವರ್ಷಗಟ್ಟಲೆ ಮತ್ತೆ ಮತ್ತೆ ಬರೆಯುವುದನ್ನು ನೋಡುತ್ತಿದ್ದೇವೆ. ಅವರಲ್ಲಿ ಬಿಓಟಿ ಎಂಬ ಕೋರ್ಸಿನ ಹೆಸರು ಕೇಳಿದವರು ವಿರಳ. ಭಾರತದಲ್ಲಿ ಈ ಶಿಕ್ಷಣ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಆರಂಭವಾಯಿತು. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ಮಾನ್ಯ ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ. ನಮ್ಮ ಭಾಷೆಯಲ್ಲಿ, ಬ್ಯಾರಿಯಲ್ಲೋ ತುಳುವಿನಲ್ಲೋ ಕನ್ನಡದಲ್ಲೋ, ತಾಯಿಗೆ ಅರ್ಥವಾಗುವಂತೆ ಹೇಳಬಲ್ಲ ಥೆರಪಿಸ್ಟರು ಬೇಕಾಗಿದ್ದಾರೆ. ಈ ಸಾಲಿನ ವೃತ್ತಿಪರ ವಿದ್ಯಾರ್ಥಿವೇತನದಲ್ಲಿ ಬಿಓಟಿ ವಿದ್ಯಾರ್ಥಿಗಳ ಅರ್ಜಿಯನ್ನೂ ಪರಿಗಣಿಸಲಾಗುವುದು, ಹುಡುಗಿಯರಿಗೆ ಆದ್ಯತೆಯಿದೆ. ಅಂಕಪಟ್ಟಿ, ಪ್ರವೇಶ ಪತ್ರ, ಆದಾಯ ಪ್ರಮಾಣಪತ್ರ, ಜಮಾಅತ್‌ನ ಶಿಫಾರಸು ಪತ್ರಗಳ ಪ್ರತಿ ಲಗತ್ತಿಸಬೇಕು. ಅರ್ಜಿ ನಮೂನೆ ಮುಂದಿನ ಪುಟದಲ್ಲಿದೆ. ಅದನ್ನೇ ಕತ್ತರಿಸಿ ತುಂಬಬಹುದು, ಜೆರಾಕ್ಸ್ ಪ್ರತಿಯೂ ನಡೆಯುತ್ತದೆ.